ಒಂದು ಕಟ್ಟು ಇಸ್ಪೀಟು, ಇಬ್ಬರು ಕಳ್ಳರು

ನಾನು ಮೊಟ್ಟಮೊದಲು ಆಡಿಸಿದ್ದು ಮಾಫಿಯಾ, ಗುಂಪಿನಲ್ಲಿ ಅಡಗಿದ ಕೊಲೆಗಾರರನ್ನು ಉಳಿದವರು ವಾದ ಮಾಡಿ ಪತ್ತೆಹಚ್ಚುವ ಆಟ. ಹನ್ನೊಂದು ಜನ ಸುತ್ತ ಕೂತಿದ್ದರು. ಎಲ್ಲರೂ ಕಣ್ಣು ಮುಚ್ಚಿದರು. ಮಾಫಿಯಾ ಚೀಟಿ ಬಂದ ಮೂವರು ಕಣ್ಣು ತೆರೆದು, ಸದ್ದಿಲ್ಲದೆ ಬೆರಳು ತೋರಿಸಿ ಒಬ್ಬರನ್ನು ಆರಿಸಿದರು. ‘ಬೆಳಗಾಯಿತು’ ಎಂದು ನಾನು ಘೋಷಿಸಿದೆ. ಆ ರಾತ್ರಿ ‘ಸತ್ತ’ ಗೆಳತಿ ನಮ್ಮ ಗುಂಪಿಗೆ ಬಂದದ್ದೇ ಅಂದು ಮೊದಲು. ಒಂದು ಮಾತಾಡುವ ಮುಂಚೆಯೇ ಅವಳ ಆಟ ಮುಗಿದಿತ್ತು. ಉಳಿದವರ ವಾದ ಮುಕ್ಕಾಲು ಗಂಟೆ ನಡೆಯಿತು. ಅವಳು ಗೋಡೆಗೆ ಒರಗಿ ಫೋನ್ ನೋಡುತ್ತ ಕೂತಳು. ಮುಂದಿನ ಸಲ ಕರೆದಾಗ ಬರಲಿಲ್ಲ.

ಅದು ಮನಸ್ಸಿಗೆ ಚುಚ್ಚಿತು. ಜನರನ್ನು ಒಂದೆಡೆ ಸೇರಿಸಿ, ಅವರಲ್ಲೊಬ್ಬರನ್ನು ಮೊದಲ ಐದು ನಿಮಿಷಕ್ಕೇ ಹೊರಗೆ ಕೂರಿಸುವ ಆಟ ಆಡಿಸಿದ್ದೆನಲ್ಲ ಎಂದು. ತಪ್ಪು ಮಾಫಿಯಾದ್ದು ಎನ್ನಲಾರೆ. ಈ ಬಗೆಯ ಆಟಗಳಿಗೆಲ್ಲ ತಾಯಿಬೇರು ಅದೇ. 1986ರ ಸುಮಾರಿಗೆ ಮಾಸ್ಕೋ ಸರ್ಕಾರಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿ ದಿಮಿತ್ರಿ ಡೇವಿಡಾಫ್ ಅದನ್ನು ಕಟ್ಟಿದರು. ಯಾರು ಯಾರೆಂದು ಗೊತ್ತಿರುವ ಕೆಲವರು ಒಂದು ಕಡೆ, ಏನೂ ಗೊತ್ತಿಲ್ಲದ ಬಹಳಷ್ಟು ಜನ ಇನ್ನೊಂದು ಕಡೆ, ಇಷ್ಟೇ ಅದರ ಬಂಡವಾಳ. 1997ರಲ್ಲಿ ಆಂಡ್ರ್ಯೂ ಪ್ಲಾಟ್‌ಕಿನ್ ಅದಕ್ಕೆ ತೋಳಮನುಷ್ಯರ ವೇಷ ತೊಡಿಸಿದ ಮೇಲೆ ವೇರ್‌ವುಲ್ಫ್ ಎಂಬ ಹೆಸರಿನಲ್ಲೂ ಅದು ಹಬ್ಬಿತು. ಆದರೆ ಎರಡರಲ್ಲೂ ಸೋತವರು ಎದ್ದು ಹೋಗಬೇಕು, ನಡೆಸುವವರೊಬ್ಬರು ಆಡದೆ ನಿಂತಿರಬೇಕು. ಈ ಎರಡೂ ತೊಡಕು ಬಿಡಿಸಿದ್ದು ಡಾನ್ ಎಸ್ಕ್ರಿಜ್ ರೂಪಿಸಿ 2009ರಲ್ಲಿ ಹೊರಬಂದ ದಿ ರೆಸಿಸ್ಟೆನ್ಸ್. ಅದರಲ್ಲಿ ಯಾರೂ ಸಾಯುವುದಿಲ್ಲ. ಐದರಿಂದ ಹತ್ತು ಜನ ಕೊನೆಯವರೆಗೂ ಮೇಜಿನಲ್ಲೇ ಇರುತ್ತಾರೆ.

ನಾನು ಅದನ್ನು ಒಂದು ಸಾಮಾನ್ಯ ಇಸ್ಪೀಟು ಕಟ್ಟಿನಲ್ಲೇ ಆಡಿಸುತ್ತೇನೆ. ಹೇಗೆಂದು ಹೇಳುತ್ತೇನೆ.

ಮೂಲ ಆಟದಲ್ಲಿ ಬಂಡಾಯಗಾರರು ಮತ್ತು ಅವರೊಳಗೆ ನುಸುಳಿದ ಗೂಢಚಾರರು. ನಮ್ಮ ಗುಂಪಿನಲ್ಲಿ ಅವರು ಸಾಚಾಗಳು ಮತ್ತು ಕಳ್ಳರು. ಗುಲಾಮ ಬಂದವರು ಕಳ್ಳರು, ಅಂಕಿಯ ಎಲೆ ಬಂದವರು ಸಾಚಾಗಳು. ಐದಾರು ಜನರಿದ್ದರೆ ಇಬ್ಬರು ಕಳ್ಳರು, ಏಳರಿಂದ ಒಂಬತ್ತಕ್ಕೆ ಮೂವರು, ಹತ್ತು ಜನರಿಗೆ ನಾಲ್ವರು. ಕಟ್ಟಿನಲ್ಲಿ ಗುಲಾಮರು ನಾಲ್ಕೇ ಇರುವುದು ಎಷ್ಟು ಚೆನ್ನಾಗಿ ಹೊಂದಿತೆಂದರೆ, ಆಟವನ್ನು ಇಸ್ಪೀಟಿಗೆಂದೇ ಮಾಡಿದಂತೆ ಅನಿಸಿತು. ಪ್ರತಿಯೊಬ್ಬರಿಗೂ ಮತ ಹಾಕಲು ಒಂದು ಕೆಂಪು, ಒಂದು ಕಪ್ಪು ಎಲೆ; ಕೆಂಪೆಂದರೆ ಒಪ್ಪಿಗೆ, ಕಪ್ಪೆಂದರೆ ಬೇಡ. ಕೆಲಸಕ್ಕೆ ಹೋಗುವ ತಂಡದವರಿಗೆ ಮತ್ತೆ ಒಂದೊಂದು ಕೆಂಪು, ಕಪ್ಪು. ಹತ್ತು ಜನ ಆಡಿದರೂ ಪಾತ್ರಕ್ಕೆ 10, ಮತಕ್ಕೆ 20, ಐವರ ತಂಡಕ್ಕೆ 10, ಒಟ್ಟು 40 ಎಲೆ. 52ರಲ್ಲಿ ಇನ್ನೂ 12 ಉಳಿಯುತ್ತವೆ.

ಶುರುವಿನಲ್ಲಿ ಎಲ್ಲರೂ ಕಣ್ಣು ಮುಚ್ಚುತ್ತಾರೆ, ಕಳ್ಳರು ಮಾತ್ರ ಕಣ್ಣು ತೆರೆದು ಪರಸ್ಪರ ನೋಡಿಕೊಳ್ಳುತ್ತಾರೆ. ಆಟ ಐದು ಸುತ್ತು. ಪ್ರತಿ ಸುತ್ತಿಗೂ ಒಬ್ಬ ನಾಯಕ ತಂಡ ಸೂಚಿಸುತ್ತಾನೆ. ಐವರ ಆಟದಲ್ಲಿ ತಂಡದ ಗಾತ್ರ ಕ್ರಮವಾಗಿ 2, 3, 2, 3, 3. ಎಲ್ಲರೂ ಮತದ ಎಲೆಯನ್ನು ಕವುಚಿ ಇಟ್ಟು ಒಟ್ಟಿಗೇ ತಿರುಗಿಸುತ್ತಾರೆ. ಬಹುಮತ ಬಂದರೆ ತಂಡ ಹೊರಡುತ್ತದೆ, ಇಲ್ಲವಾದರೆ ಪಕ್ಕದವರು ನಾಯಕರಾಗುತ್ತಾರೆ. ಒಂದೇ ಸುತ್ತಿನಲ್ಲಿ ಸತತ ಐದು ತಂಡಗಳು ಬಿದ್ದುಹೋದರೆ ಕಳ್ಳರು ಗೆದ್ದಂತೆ. ಹೊರಟ ತಂಡದವರು ಗುಟ್ಟಾಗಿ ಒಂದೊಂದು ಎಲೆ ಹಾಕಬೇಕು. ಸಾಚಾ ಕೆಂಪನ್ನೇ ಹಾಕಬೇಕು, ಕಳ್ಳನಿಗೆ ಎರಡೂ ನಡೆಯುತ್ತದೆ. ಒಂದು ಕಪ್ಪು ಬಿದ್ದರೂ ಆ ಸುತ್ತು ಕೆಟ್ಟಿತು. ಏಳು ಮತ್ತು ಅದಕ್ಕಿಂತ ಹೆಚ್ಚು ಜನರಿದ್ದರೆ ನಾಲ್ಕನೇ ಸುತ್ತು ಮಾತ್ರ ಕೆಡಲು ಎರಡು ಕಪ್ಪು ಬೇಕು. ಮೂರು ಸುತ್ತು ಯಾರ ಪಾಲಿಗೋ ಅವರಿಗೆ ಗೆಲುವು. ಅಷ್ಟೇ ನಿಯಮ.

ನಿಯಮ ಇಷ್ಟೇ ಆದರೂ ಆಡಿಸುವುದರಲ್ಲಿ ಎಡವಿದ್ದು ಬಹಳ. ಮೊದಮೊದಲು ಸಾಚಾಗಳಿಗೆ ರಾಜನ ಎಲೆ ಕೊಡುತ್ತಿದ್ದೆ, ನೋಡಲು ಚೆಂದ ಎಂದು. ಒಮ್ಮೆ ದೀಪ ಸ್ವಲ್ಪ ಮಂದವಿತ್ತು. ‘ಕಳ್ಳರು ಕಣ್ಣು ತೆರೆಯಿರಿ’ ಎಂದಾಗ ತೆರೆದದ್ದು ಒಬ್ಬರೇ. ಇನ್ನೊಬ್ಬರು ಗುಲಾಮನನ್ನು ರಾಜನೆಂದು ಓದಿ ನೆಮ್ಮದಿಯಾಗಿ ಕಣ್ಣು ಮುಚ್ಚಿಕೊಂಡಿದ್ದರು. ಒಬ್ಬಂಟಿ ಕಳ್ಳ ಮೂರು ಸುತ್ತು ಜೊತೆಗಾರನನ್ನು ಹುಡುಕುತ್ತ ಒದ್ದಾಡಿದ. ಕೊನೆಗೆ ಎಲೆ ತೆರೆದಾಗ ಇಬ್ಬರಿಗೂ ಬೇಸರವಾಯಿತು. ಅಂದಿನಿಂದ ಸಾಚಾಗಳಿಗೆ ಅಂಕಿಯ ಎಲೆಯೇ, ಅದರಲ್ಲೂ ಹತ್ತು ಅಥವಾ ಒಂಬತ್ತು. ದೂರದಿಂದಲೂ ತುಂಬಿ ಕಾಣುತ್ತವೆ. ಇನ್ನೊಮ್ಮೆ ಒಂದು ಗುಲಾಮನ ಮೂಲೆ ಕೂದಲೆಳೆಯಷ್ಟು ಮಡಚಿತ್ತು. ಎರಡನೇ ಆಟದಿಂದಲೇ ಒಬ್ಬರಿಗೆ ಅದು ಕಣ್ಣಿಗೆ ಬಿದ್ದಿತ್ತಂತೆ, ಐದನೇ ಆಟ ಮುಗಿದ ಮೇಲೆ ಹೇಳಿದರು. ಈಗ ಶುರುವಿಗೆ ಮುಂಚೆ ಎಲೆಗಳನ್ನು ಬೆನ್ನು ಮೇಲಾಗಿ ಮೇಜಿನ ಮೇಲೆ ಹರಡಿ, ಎಲ್ಲರೂ ಒಮ್ಮೆ ನೋಡಿ, ಸಂಶಯವಿದ್ದದ್ದನ್ನು ತೆಗೆದುಹಾಕುತ್ತೇವೆ. ಪಾತ್ರದ ಎಲೆಯಾಗಿದ್ದ ಅಂಕಿಗಳನ್ನು ಪ್ರತಿ ಆಟಕ್ಕೂ ಬದಲಿಸುತ್ತೇನೆ.

ಕಣ್ಣು ಮುಚ್ಚುವ ಹೊತ್ತಿನಲ್ಲಿ ಬಟ್ಟೆಯ ಸರಸರ, ಕುರ್ಚಿಯ ಕಿರುಗುಟ್ಟುವಿಕೆಯೇ ಕಳ್ಳರನ್ನು ಹಿಡಿದುಕೊಡುತ್ತದೆ. ಅದಕ್ಕೆ ಎಲ್ಲರೂ ಬೆರಳಿನಿಂದ ಮೇಜು ತಟ್ಟುತ್ತಿರಬೇಕು. ಸೂಚನೆಗಳನ್ನು ನನ್ನದೇ ದನಿಯಲ್ಲಿ ಫೋನಿನಲ್ಲಿ ಮುದ್ರಿಸಿಟ್ಟಿದ್ದೇನೆ, ಹಾಗಾಗಿ ನಾನೂ ಆಡಬಹುದು. ಹಾಕಿದ ಎಲೆಗಳನ್ನೂ ಉಳಿದ ಎಲೆಗಳನ್ನೂ ಎರಡು ಗುಡ್ಡೆ ಮಾಡಿ, ತಂಡದಲ್ಲಿ ಇಲ್ಲದವರು ಬೇರೆಬೇರೆಯಾಗಿ ಕಲೆಸಬೇಕು. ಇವೆಲ್ಲ ಸಣ್ಣ ಸಂಗತಿಗಳು. ಆದರೆ ಯಾವುದು ತಪ್ಪಿದರೂ ಅರ್ಧ ಗಂಟೆಯ ಆಟ ನೀರುಪಾಲು.

ನನಗೆ ಈ ಆಟದ ಒಳಗುಟ್ಟು ತಿಳಿದದ್ದು ಐದು ಜನರ ಒಂದು ಆಟದಲ್ಲಿ. ಅದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಭಾವ, ಅಕ್ಕ, ನಾನು, ಸಹೋದ್ಯೋಗಿಯ ತಂಗಿ, ಸಹೋದ್ಯೋಗಿ. ಕೂತಿದ್ದದ್ದು ಇದೇ ಕ್ರಮದಲ್ಲಿ. ತಂಗಿಗೆ ಆಟ ಹೊಸದು, ಮಾತು ಕಡಿಮೆ. ನನಗೆ ಒಂಬತ್ತು ಬಂದಿತ್ತು, ಅಂದರೆ ಸಾಚಾ. ಮೊದಲ ನಾಯಕ ಭಾವ. ತನ್ನನ್ನೂ ನನ್ನನ್ನೂ ಸೂಚಿಸಿದ, ತಂಡ ಹೊರಟಿತು, ಎರಡೂ ಕೆಂಪು. ಎರಡನೇ ಸುತ್ತಿಗೆ ಮೂವರು ಬೇಕು. ಅಕ್ಕ ನಾಯಕಿ. ‘ಈಗಾಗಲೇ ಗೆದ್ದ ಇಬ್ಬರು, ಜೊತೆಗೆ ನಾನು’ ಎಂದಳು. ಮತ ತಿರುಗಿಸಿದೆವು. ನಾವು ಮೂವರೂ ಕೆಂಪು. ತಂಗಿಯೂ ಕೆಂಪು. ಸಹೋದ್ಯೋಗಿ ಮಾತ್ರ ಕಪ್ಪು. ನಾಲ್ಕು–ಒಂದು. ತಂಡ ಹೋಯಿತು. ಬಿದ್ದದ್ದು ಎರಡು ಕೆಂಪು, ಒಂದು ಕಪ್ಪು.

ಇಲ್ಲಿ ಒಂದು ಲೆಕ್ಕವಿದೆ, ಈ ಆಟ ಆಡುವವರೆಲ್ಲ ಮೊದಲು ಕಲಿಯುವ ಲೆಕ್ಕ. ಐವರಲ್ಲಿ ಸಾಚಾಗಳು ಮೂವರೇ. ನಾನು ಸಾಚಾ ಆಗಿದ್ದು, ನಾನಿಲ್ಲದ ಮೂವರ ತಂಡ ಹೊರಟರೆ ಅದರಲ್ಲಿ ಕನಿಷ್ಠ ಒಬ್ಬ ಕಳ್ಳ ಇದ್ದೇ ಇರುತ್ತಾನೆ. ಆದ್ದರಿಂದ ತಂಡದಿಂದ ಹೊರಗಿರುವ ಸಾಚಾ ಆ ತಂಡಕ್ಕೆ ಕಪ್ಪು ಮತವನ್ನೇ ಹಾಕಬೇಕು. ಐವರಲ್ಲಿ ಮೂವರನ್ನು ಆರಿಸಲು 10 ದಾರಿಗಳಿವೆ, ಅವುಗಳಲ್ಲಿ ಕಳ್ಳರಿಲ್ಲದ ತಂಡ ಒಂದೇ ಒಂದು. ಇದು ಗೊತ್ತಿದ್ದ ನಾನು ತಂಗಿಯ ಕೆಂಪು ಮತ ನೋಡಿದ ತಕ್ಷಣ ತೀರ್ಮಾನಿಸಿಬಿಟ್ಟೆ: ಇವಳು ಕಳ್ಳಿ. ಕಪ್ಪು ಹಾಕಿದ ಸಹೋದ್ಯೋಗಿ ಸಾಚಾ. ಹತ್ತು ನಿಮಿಷ ಅವಳ ಬೆನ್ನು ಬಿದ್ದೆ. ‘ನಿಮ್ಮ ಹೆಸರಿಲ್ಲದ ತಂಡಕ್ಕೆ ಯಾಕೆ ಒಪ್ಪಿದಿರಿ?’ ಎಂದು ಮತ್ತೆ ಮತ್ತೆ ಕೇಳಿದೆ. ಅವಳು ‘ಹಿಂದಿನ ಸಲ ಅವರಿಬ್ಬರೂ ಗೆದ್ದಿದ್ದರಲ್ಲ, ಅದಕ್ಕೆ’ ಎಂದಷ್ಟೇ ಹೇಳಿ ಎಲೆಗಳನ್ನು ನೋಡುತ್ತ ಕೂತಳು. ಮುಖ ಕೆಂಪಾಗಿತ್ತು. ನನಗೆ ಅದೂ ಸಾಕ್ಷಿಯಾಗಿ ಕಂಡಿತು.

ಮೂರನೇ ಸುತ್ತಿಗೆ ನಾನೇ ನಾಯಕ ಸ್ಥಾನದಲ್ಲಿ. ಇಬ್ಬರು ಬೇಕು. ನಾನು ಮತ್ತು ಸಹೋದ್ಯೋಗಿ ಎಂದೆ. ಭಾವ ಬೆಂಬಲಿಸಿದ, ಮೂರು–ಎರಡರಲ್ಲಿ ತಂಡ ಪಾಸಾಯಿತು. ಎಲೆ ತೆರೆದರು. ಒಂದು ಕೆಂಪು, ಒಂದು ಕಪ್ಪು.

ಕೆಂಪು ನನ್ನದು. ಅಂದರೆ ಸಹೋದ್ಯೋಗಿ ಕಳ್ಳ, ಇದು ನೂರಕ್ಕೆ ನೂರು. ಎರಡನೇ ಸುತ್ತಿನ ಕಪ್ಪು ಅಕ್ಕ ಅಥವಾ ಭಾವನದು. ಇರುವುದು ಇಬ್ಬರೇ ಕಳ್ಳರು. ಅಲ್ಲಿಗೆ ಲೆಕ್ಕ ಮುಗಿಯಿತು: ತಂಗಿ ಸಾಚಾ. ಇಡೀ ಮೇಜಿನಲ್ಲಿ ನಾನು ಕಣ್ಣು ಮುಚ್ಚಿ ನಂಬಬಹುದಾದವಳು ಅವಳೊಬ್ಬಳೇ, ಮತ್ತು ನಾನು ಇಷ್ಟು ಹೊತ್ತು ಕಾಡಿದ್ದು ಅವಳನ್ನೇ. ಅವಳ ಮತಕ್ಕೆ ಕಾರಣ ಕಳ್ಳತನವಲ್ಲ, ಆ ಲೆಕ್ಕ ಗೊತ್ತಿಲ್ಲದಿರುವುದು. ಸಹೋದ್ಯೋಗಿಯ ಕಪ್ಪು ಮತಕ್ಕೆ ಕಾರಣ ಆ ಲೆಕ್ಕ ಚೆನ್ನಾಗಿ ಗೊತ್ತಿರುವುದು.

ಈಗ ನನ್ನ ಸರದಿ. ಕೆಟ್ಟ ಎರಡೂ ಸುತ್ತಿನಲ್ಲಿ ಇದ್ದವರು ನಾನೊಬ್ಬರೇ. ಅಕ್ಕ ನನ್ನತ್ತ ತಿರುಗಿ ‘ಎರಡರಲ್ಲೂ ನೀನೇ ಇದ್ದೆ’ ಎಂದಳು. ನಾನು ಕೆಂಪು ಹಾಕಿದ್ದೆ. ತೋರಿಸಲು ಏನೂ ಇಲ್ಲ, ಎಲೆಗಳು ಕಲೆತುಹೋಗಿವೆ. ‘ನಾನು ಸಾಚಾ’ ಎಂದೆ. ಆ ಮಾತು ಬಾಯಿಂದ ಹೊರಬಿದ್ದಾಗ ಎಷ್ಟು ಪೊಳ್ಳಾಗಿ ಕೇಳಿಸಿತು! ಸಹೋದ್ಯೋಗಿಯೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದ. ದನಿ ಏರಿಸಿದರೆ ಕಳ್ಳನಂತೆ ಕಾಣುತ್ತೇನೆ, ಇಳಿಸಿದರೂ ಕಳ್ಳನಂತೆಯೇ. ಹತ್ತು ನಿಮಿಷದ ಹಿಂದೆ ತಂಗಿ ಇದ್ದ ಜಾಗದಲ್ಲಿ ಈಗ ನಾನಿದ್ದೆ.

ನಾಲ್ಕನೇ ಸುತ್ತಿನ ನಾಯಕಿ ಅವಳೇ. ಮೂವರು ಬೇಕು. ಈ ಸುತ್ತು ಕೆಟ್ಟರೆ ಆಟವೇ ಮುಗಿಯಿತು. ನಾನು ಅವಳಿಗೆ ಹೇಳಿದೆ: ‘ನಿಮ್ಮ ಬಗ್ಗೆ ನಾನು ಅಂದುಕೊಂಡದ್ದು ತಪ್ಪು. ಈಗ ಲೆಕ್ಕ ಹಾಕಿದರೆ ನೀವು ಕಳ್ಳಿಯಾಗಿರಲು ಸಾಧ್ಯವೇ ಇಲ್ಲ.’ ಹೇಗೆಂದು ಬಿಡಿಸಿಯೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡು ಮಾತು ಹೇಳಿದಳು. ಮೊದಲನೆಯದು: ‘ಎರಡನೇ ಸುತ್ತಿನಲ್ಲಿ ಭಾವ ತಮ್ಮ ಎಲೆಗಳನ್ನು ಎರಡೆರಡು ಸಲ ನೋಡಿಕೊಂಡರು. ಅಕ್ಕ, ನೀವು, ಇಬ್ಬರೂ ತಕ್ಷಣ ಹಾಕಿದಿರಿ. ಕೆಂಪನ್ನೇ ಹಾಕಬೇಕಾದವರಿಗೆ ಯೋಚಿಸುವುದು ಏನಿದೆ?’ ಎರಡನೆಯದು ನನ್ನ ಕುರಿತು: ‘ಇವರು ಕಳ್ಳರಾಗಿದ್ದರೆ ನನ್ನ ಮೇಲಿದ್ದ ಅನುಮಾನವನ್ನು ಹಾಗೇ ಬಿಡುತ್ತಿದ್ದರು. ಅದರಿಂದ ಅವರಿಗೆ ಲಾಭವೇ ಇತ್ತು. ತಾವೇ ಅದನ್ನು ತೆಗೆದುಹಾಕಿದರು.’

ನಾವೆಲ್ಲ ವಾದ ಮಾಡುತ್ತಿದ್ದಾಗ ಅವಳು ಕೈಗಳನ್ನು ನೋಡುತ್ತಿದ್ದಳು.

ತನ್ನನ್ನು, ಅಕ್ಕನನ್ನು, ನನ್ನನ್ನು ಸೂಚಿಸಿದಳು. ನಮ್ಮ ಮೂರು ಕೆಂಪು, ಆ ಇಬ್ಬರದು ಕಪ್ಪು. ತಂಡ ಹೋಯಿತು. ಮೂರೂ ಕೆಂಪು. ಎರಡು–ಎರಡು. ಐದನೇ ಸುತ್ತಿನಲ್ಲಿ ಸಹೋದ್ಯೋಗಿ ಸೂಚಿಸಿದ ತಂಡವನ್ನು ಬೀಳಿಸಿದೆವು, ಭಾವ ಸೂಚಿಸಿದ್ದನ್ನೂ ಬೀಳಿಸಿದೆವು, ಅಕ್ಕನ ಸರದಿ ಬಂದಾಗ ಮತ್ತೆ ನಾವೇ ಮೂವರು ಹೋಗಿ ಬಂದೆವು. ಗುಲಾಮರನ್ನು ಮೇಜಿನ ಮೇಲೆ ಇಟ್ಟ ಭಾವ ತಂಗಿಗೆ ಕೈ ಮುಗಿದ.

ಆ ರಾತ್ರಿ ಆಟವನ್ನು ಮನಸ್ಸಿನಲ್ಲೇ ಮತ್ತೆ ಆಡಿದೆ. ಅಲ್ಲಿಯವರೆಗೆ ಇದು ಸುಳ್ಳು ಹೇಳುವವರ ಆಟ ಎಂದೇ ನಂಬಿದ್ದೆ. ಹೊಸಬರೂ ‘ನನಗೆ ಸುಳ್ಳು ಹೇಳಲು ಬರುವುದಿಲ್ಲ, ನನ್ನನ್ನು ಬಿಟ್ಟುಬಿಡಿ’ ಎಂದೇ ಹಿಂಜರಿಯುತ್ತಾರೆ. ಆದರೆ ಐವರಲ್ಲಿ ಮೂವರು ಇಡೀ ಹೊತ್ತು ನಿಜವನ್ನೇ ಹೇಳುತ್ತಿರುತ್ತಾರೆ, ಮತ್ತು ಹೆಚ್ಚು ಕಷ್ಟಪಡುವವರು ಅವರೇ. ಕಳ್ಳನಿಗೆ ಎಲ್ಲ ಗೊತ್ತು, ಜೊತೆಗಾರನೂ ಇದ್ದಾನೆ. ಸಾಚಾಗೆ ತನ್ನನ್ನು ಬಿಟ್ಟರೆ ಯಾರೂ ಗೊತ್ತಿಲ್ಲ. ತನ್ನ ಬಗ್ಗೆ ಗೊತ್ತಿರುವುದನ್ನೂ ಬೇರೆಯವರಿಗೆ ದಾಟಿಸಲು ಆಗದು. ಅಲ್ಲಿಂದ ಮುಂದೆ ನಾನು ಆಟ ನಡೆಸುವ ರೀತಿಯನ್ನೆಲ್ಲ ಸಾಚಾಗಳ ಕಡೆಯಿಂದ ಯೋಚಿಸಿ ಬದಲಿಸಿದೆ.

ಮೊದಲಿಗೆ, ಮೇಲಿನ ಲೆಕ್ಕವನ್ನು ಈಗ ಆಟಕ್ಕೆ ಮುಂಚೆಯೇ ಹೊಸಬರಿಗೆ ಹೇಳಿಕೊಡುತ್ತೇನೆ. ‘ಅದನ್ನು ಅವರೇ ಕಂಡುಕೊಳ್ಳಲಿ, ಮಜಾ ಇರುವುದೇ ಅದರಲ್ಲಿ’ ಎನ್ನುವವರು ನಮ್ಮಲ್ಲಿದ್ದಾರೆ. ನಾನು ಒಪ್ಪುವುದಿಲ್ಲ. ಒಬ್ಬರಿಗೆ ಗೊತ್ತಿಲ್ಲದ ಲೆಕ್ಕದಿಂದ ಅವರನ್ನೇ ಹಿಡಿದು ಬಡಿಯುವುದು ಆಟವಲ್ಲ. ಎರಡನೆಯದು, ತಂಡದವರೆಲ್ಲ ಎರಡೂ ಎಲೆಗಳನ್ನು ನೋಡಿ, ಮನಸ್ಸಿನಲ್ಲಿ ಐದರವರೆಗೆ ಎಣಿಸಿ, ಒಟ್ಟಿಗೇ ಹಾಕಬೇಕು. ತಂಗಿ ಗೆದ್ದದ್ದು ಕೈಗಳನ್ನು ನೋಡಿ, ಅದು ಅವಳ ಜಾಣತನ. ಆದರೆ ಅದೇ ಗುಟ್ಟು ಎಲ್ಲರಿಗೂ ತಿಳಿದ ಮೇಲೆ ಜನ ಮಾತು ಬಿಟ್ಟು ಬೆರಳುಗಳನ್ನೇ ನೋಡುತ್ತ ಕೂರತೊಡಗಿದರು. ಮಾತಿಲ್ಲದಿದ್ದರೆ ಈ ಆಟದಲ್ಲಿ ಉಳಿಯುವುದು ಎಲೆ ಎಣಿಸುವುದಷ್ಟೇ. ಮೂರನೆಯದು, ಪ್ರತಿ ಮತದ ಫಲಿತಾಂಶವನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಮಧ್ಯದಲ್ಲಿ ಇಡುತ್ತೇವೆ. ನೆನಪಿನ ಶಕ್ತಿ ಇದ್ದವರೇ ಗೆಲ್ಲಬಾರದು. ಮತ್ತು ಗಟ್ಟಿ ದನಿಯವರು ‘ನೀನು ಆಗ ಹೀಗೆ ಹಾಕಿದ್ದೆ’ ಎಂದು ಇಲ್ಲದ್ದನ್ನು ಹೇಳಿ ದಕ್ಕಿಸಿಕೊಳ್ಳಬಾರದು. ಕಳ್ಳರು ಮತದ ಬಗ್ಗೆಯೂ ಸುಳ್ಳು ಹೇಳುವ ಅವಕಾಶ ಹೋಯಿತಲ್ಲ ಎಂದು ಭಾವ ಗೊಣಗುತ್ತಾನೆ. ಹೋಗಲಿ. ಅವರಿಗೆ ಬೇರೆ ಸುಳ್ಳುಗಳು ಬೇಕಾದಷ್ಟಿವೆ.

ಇದಕ್ಕೆಲ್ಲ ಮಿಗಿಲಾದದ್ದು ಆಣೆಯ ವಿಚಾರ. ಒಂದು ಆಟದಲ್ಲಿ ಗೆಳೆಯನೊಬ್ಬ ಸಿಕ್ಕಿಬೀಳುವ ಹೊತ್ತಿಗೆ ‘ಅಮ್ಮನಾಣೆ, ನಾನು ಸಾಚಾ’ ಎಂದುಬಿಟ್ಟ. ಮೇಜು ಗಪ್‌ಚುಪ್. ಎಲ್ಲರೂ ನಂಬಿದರು. ಆಟ ಮುಗಿದು ಗುಲಾಮ ಹೊರಬಿದ್ದಾಗ ಯಾರೂ ನಗಲಿಲ್ಲ, ಗೆದ್ದವನೂ ಸೇರಿ. ಅವನ ಹೆಂಡತಿ ಮನೆಗೆ ಹೋಗುವವರೆಗೂ ಅವನೊಡನೆ ಮಾತಾಡಲಿಲ್ಲ. ಆಣೆ ನಿಜವಾಗಿದ್ದರೂ ಕಷ್ಟವೇ: ಒಬ್ಬರು ಆಣೆ ಇಟ್ಟರೆ ಉಳಿದವರೂ ಇಡಬೇಕಾಗುತ್ತದೆ, ಇಡದವರು ಕಳ್ಳರಾಗುತ್ತಾರೆ, ಅಲ್ಲಿಗೆ ಆಟ ಮುಗಿಯಿತು. ಅದಕ್ಕೇ ನಮ್ಮಲ್ಲಿ ಆಣೆ, ಪ್ರಮಾಣ, ‘ನಿಜವಾಗ್ಲೂ, ಆಟ ಬಿಟ್ಟು ಹೇಳ್ತಿದ್ದೀನಿ’ ಎನ್ನುವ ಮಾತು, ಮೂರೂ ನಿಷಿದ್ಧ. ಅದರ ಜೊತೆಗೇ ಮೇಜಿನ ಹೊರಗಿನ ಬದುಕನ್ನು ಸಾಕ್ಷಿಯಾಗಿ ತರುವಂತಿಲ್ಲ. ‘ನೀನು ಯಾವಾಗಲೂ ಹೀಗೇ, ಹೋದ ವರ್ಷವೂ ಹೀಗೇ ಮಾಡಿದ್ದೆ’ ಎಂದು ಗಂಡ ಹೆಂಡತಿಗೆ ಹೇಳಿದ ಒಂದು ಸಂಜೆ ನನಗೆ ಇನ್ನೂ ನೆನಪಿದೆ. ಅದು ಎಲೆಗಳ ಬಗ್ಗೆ ಆಗಿರಲಿಲ್ಲ.

ಆಟ ಮುಗಿದ ಕೂಡಲೇ ಗೆದ್ದವರು ಕೊಚ್ಚಿಕೊಳ್ಳುವ ಮುಂಚೆ, ತಪ್ಪಾಗಿ ಅನುಮಾನಕ್ಕೆ ಒಳಗಾದವರು ಮೊದಲು ಮಾತಾಡುತ್ತಾರೆ. ಆಗ ಏನನಿಸಿತು, ಯಾರನ್ನು ನಂಬಿದ್ದೆ, ಯಾಕೆ ಸುಮ್ಮನಾದೆ. ಎರಡು ನಿಮಿಷ ಸಾಕು. ಹಾಗೆ ಹೇಳಿಕೊಂಡವರು ಮುಂದಿನ ಆಟಕ್ಕೆ ಎಲೆ ಕಲೆಸಲು ತಾವೇ ಕೈ ಚಾಚುತ್ತಾರೆ.

ನಾಲ್ಕೇ ಜನ ಸೇರಿದ ದಿನ ಈ ಆಟ ನಡೆಯುವುದಿಲ್ಲ. ಆಗ ಕೂ ಆಡುತ್ತೇವೆ. ರಿಕ್ಕಿ ತಾಹ್ತಾ ರೂಪಿಸಿದ ಆಟ, 2012ರದ್ದು. ಐದು ಪಾತ್ರ, ಪ್ರತಿಯೊಂದರ ಮೂರು ಪ್ರತಿ, ಒಟ್ಟು 15 ಎಲೆ, ಪ್ರತಿಯೊಬ್ಬರ ಮುಂದೆ ಎರಡು ಕವುಚಿದ ಎಲೆ. ಇಲ್ಲದ ಪಾತ್ರವನ್ನು ಇದೆ ಎಂದು ಬುರುಡೆ ಬಿಡಬಹುದು, ಯಾರಾದರೂ ಸವಾಲು ಹಾಕಿ ಸುಳ್ಳು ಹೊರಬಿದ್ದರೆ ಒಂದು ಎಲೆ ಹೋಯಿತು. ಸವಾಲು ತಪ್ಪಾದರೆ ಸವಾಲು ಹಾಕಿದವರ ಎಲೆ ಹೋಗುತ್ತದೆ. ಚುರುಕಾದ ಆಟ, ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಅಲ್ಲಿ ಪ್ರತಿಯೊಬ್ಬರೂ ತಮಗಾಗಿ ಆಡುವುದು, ನಂಬಿ ಕೈ ಹಿಡಿಯುವವರು ಯಾರೂ ಇಲ್ಲ. ಅದಕ್ಕೇ ನನಗೆ ಅದು ಎರಡನೇ ಆಯ್ಕೆ.

ಈಚೆಗೆ ಕಟ್ಟಿಗೆ ಮತ್ತೆ ಒಬ್ಬ ರಾಜನನ್ನು ಸೇರಿಸಿಕೊಂಡಿದ್ದೇವೆ. ದಿ ರೆಸಿಸ್ಟೆನ್ಸ್ ಆಟದ, 2012ರಲ್ಲಿ ಬಂದ ಅವಲಾನ್ ಎಂಬ ರೂಪದಲ್ಲಿ ಮರ್ಲಿನ್ ಎಂಬ ಪಾತ್ರವಿದೆ. ನಮ್ಮ ರಾಜ ಅವನೇ. ಕಳ್ಳರು ಪರಸ್ಪರ ನೋಡಿಕೊಂಡು ಕಣ್ಣು ಮುಚ್ಚಿ ಹೆಬ್ಬೆರಳು ಎತ್ತುತ್ತಾರೆ. ಆಗ ರಾಜ ಕಣ್ಣು ತೆರೆದು ಅವರೆಲ್ಲರನ್ನೂ ನೋಡುತ್ತಾನೆ. ಸಾಚಾಗಳ ಪೈಕಿ ನಿಜ ಪೂರ್ತಿ ಗೊತ್ತಿರುವವನು ಅವನೊಬ್ಬನೇ. ಆದರೆ ನೇರ ಹೇಳುವಂತಿಲ್ಲ, ಏಕೆಂದರೆ ಸಾಚಾಗಳು ಮೂರು ಸುತ್ತು ಗೆದ್ದರೂ, ಕಳ್ಳರು ಕೊನೆಯಲ್ಲಿ ರಾಜ ಯಾರೆಂದು ಸರಿಯಾಗಿ ಊಹಿಸಿದರೆ ಗೆಲುವು ಅವರದೇ. ಏಳು ಜನ ಸೇರಿ ಮೂರು ಸಲ ಆಡಿದೆವು. ಮೂರೂ ಸಲ ಸುತ್ತುಗಳನ್ನು ಗೆದ್ದೆವು, ಮೂರೂ ಸಲ ರಾಜ ಸಿಕ್ಕಿಬಿದ್ದ. ಎರಡು ಸಲ ಆ ರಾಜ ನಾನೇ. ಮತ ಹಾಕುವಾಗ ಕಳ್ಳರಿದ್ದ ತಂಡಕ್ಕೆ ಒಮ್ಮೆಯೂ ಕೆಂಪು ಹಾಕಿರಲಿಲ್ಲ, ನಡುವಿನ ಹಾಳೆಯಲ್ಲಿ ಅದು ಅಚ್ಚೊತ್ತಿದಂತೆ ಕಾಣುತ್ತಿತ್ತು. ಬರುವ ವಾರ ಮತ್ತೆ ಏಳು ಜನ ಸೇರುತ್ತೇವೆ. ರಾಜ ಬಂದರೆ ಮೊದಲ ಎರಡು ಸುತ್ತಿನಲ್ಲಿ ಗೊತ್ತಿದ್ದೂ ಒಂದು ತಪ್ಪು ಮತ ಹಾಕಬೇಕೆಂದುಕೊಂಡಿದ್ದೇನೆ. ಯಾವ ತಂಡಕ್ಕೆ ಹಾಕಿದರೆ ಸಾಚಾಗಳಿಗೆ ಕಡಿಮೆ ಪೆಟ್ಟು ಎಂದು ಈಗಿನಿಂದಲೇ ಹಳೆಯ ಹಾಳೆಗಳನ್ನು ಮುಂದಿಟ್ಟುಕೊಂಡು ನೋಡುತ್ತಿದ್ದೇನೆ.